ಮುಂಬೈಯಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ: ಮಾಲು ವಾಪಸ್ ಬಾರದ ಹಾಗೆ ನಡೆಸುವುದು ಹೇಗೆ

ಡೊಂಬಿವಲಿ, ಠಾಣೆ, ಮುಲುಂಡ್, ಚೆಂಬೂರು, ಮೀರಾ ರೋಡ್ ಎಲ್ಲಿ ಹೋದರೂ ಕಿರಾಣಾ ಅಂಗಡಿಯ ಫ್ರಿಜ್ಜಿನಲ್ಲಿ ಹಾಲು, ಮೊಸರಿನ ಪಕ್ಕ ಇಡ್ಲಿ-ದೋಸೆ ಹಿಟ್ಟಿನ ಪ್ಯಾಕೆಟ್ ಕೂತಿರುತ್ತದೆ. ಮನೆಯಲ್ಲಿ ರುಬ್ಬಿ ಗೊತ್ತಿದ್ದವರಿಗೆ, ಅದರಲ್ಲೂ ಊರಿನಿಂದ ಬಂದು ಹೋಟೆಲಿನಲ್ಲಿ ನಾಲ್ಕು ವರ್ಷ ಕಳೆದವರಿಗೆ, ಇದಕ್ಕಿಂತ ಸುಲಭದ ಧಂದೆ ಇಲ್ಲ ಅನ್ನಿಸುತ್ತದೆ. ರುಬ್ಬುವುದು ಸುಲಭವೇ. ರುಬ್ಬಿದ್ದು ಹುಳಿಯಾಗುವ ಮೊದಲು ಗಿರಾಕಿಯ ಕಾವಲಿ ಮುಟ್ಟುವುದು ಕಷ್ಟ. ಈ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಹಿಟ್ಟು ಕೆಟ್ಟದಾಗಿ ಮಾಡಿದವರಲ್ಲ, ವಾಪಸ್ ಬಂದ ಪ್ಯಾಕೆಟ್ ಲೆಕ್ಕಕ್ಕೆ ಹಿಡಿಯದವರು.

ಮೊದಲು ಲೆಕ್ಕ

ಇಲ್ಲಿರುವ ದರಗಳು ಲೆಕ್ಕ ತಿಳಿಯಲಿಕ್ಕೆ ಮಾತ್ರ. ನಿಮ್ಮ ಏರಿಯಾದ ಇವತ್ತಿನ ದರ ಹಾಕಿಕೊಂಡು ಮತ್ತೆ ಕೂಡಿಸಿ.

8 ಕೆಜಿ ಇಡ್ಲಿ ಅಕ್ಕಿ ಕೆಜಿಗೆ 50ರಂತೆ 400 ರೂಪಾಯಿ. 2 ಕೆಜಿ ಉದ್ದು 130ರಂತೆ 260. ಮೆಂತ್ಯ, ಉಪ್ಪಿಗೆ 15. ಒಟ್ಟು 675. ಈ 10 ಕೆಜಿ ಕಾಳಿನಿಂದ ಸುಮಾರು 23 ಕೆಜಿ ಹಿಟ್ಟು ಬರುತ್ತದೆ. ಗ್ರೈಂಡರಿನ ಕಲ್ಲಿಗೆ, ಪಾತ್ರೆಗೆ, ಸೌಟಿಗೆ ಅಂಟಿ ಒಂದು ಕೆಜಿ ಹೋಗುತ್ತದೆ. ಮಾರಲಿಕ್ಕೆ ಸಿಗುವುದು 22. ಅಂದರೆ ಕಚ್ಚಾ ಮಾಲಿಗೇ ಕೆಜಿಗೆ 31 ರೂಪಾಯಿ ಬಿತ್ತು.

ದಿನಕ್ಕೆ 100 ಕೆಜಿ ಮಾಡುವ ಒಂದು ಚಿಕ್ಕ ಗಾಳಾ, ಅಂದರೆ ಧಂದೆಗೆ ಹಿಡಿದ ಬಾಡಿಗೆ ಕೋಣೆ, ಅಂದುಕೊಳ್ಳಿ. ಭಾಡೆ ತಿಂಗಳಿಗೆ 15,000, ಒಬ್ಬ ಹುಡುಗನ ಪಗಾರ 15,000. ತಿಂಗಳ 3,000 ಕೆಜಿಗೆ ಹಂಚಿದರೆ ಎರಡಕ್ಕೂ ಐದೈದು ರೂಪಾಯಿ. ಪೌಚು, ಲೇಬಲ್ಲಿಗೆ 3, ಕರೆಂಟು ನೀರಿಗೆ 3, ಸ್ಕೂಟರಿನ ಪೆಟ್ರೋಲಿಗೆ 3. ಎಲ್ಲ ಸೇರಿ 50. ಅಂಗಡಿಗೆ 65ಕ್ಕೆ ಕೊಡುತ್ತೀರಿ, ಅಂಗಡಿಯವ 80ಕ್ಕೆ ಮಾರುತ್ತಾನೆ. ನಿಮಗೆ ಕೆಜಿಗೆ 15, ದಿನಕ್ಕೆ 1,500. ಕೇಳಲಿಕ್ಕೆ ಚೆನ್ನಾಗಿದೆ.

ಈಗ ನೂರರಲ್ಲಿ 10 ಪ್ಯಾಕೆಟ್ ವಾಪಸ್ ಬಂತು ಅನ್ನಿ. ಹತ್ತಕ್ಕೂ 65 ರೂಪಾಯಿ ಬಿಲ್ಲಿನಿಂದ ಕಳೆಯಬೇಕು. 1,500 ಇದ್ದದ್ದು 850 ಆಯಿತು. 20 ವಾಪಸ್ ಬಂದರೆ ಉಳಿಯುವುದು 200. 23 ಬಂದ ದಿನ ನೀವು ಬೆಳಗಿನ ಮೂರೂವರೆಗೆ ಎದ್ದದ್ದು ಪುಕ್ಕಟೆ. ಅಕ್ಕಿಯಲ್ಲಿ ಕೆಜಿಗೆ ಎರಡು ರೂಪಾಯಿ ಉಳಿಸಲಿಕ್ಕೆ ಎಪಿಎಂಸಿಯಲ್ಲಿ ಅರ್ಧ ದಿನ ಅಲೆಯುವವರು ಈ ಲೆಕ್ಕವನ್ನು ಒಮ್ಮೆ ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಮೊದಲ ತಿಂಗಳು 20 ಕೆಜಿ ಮೀರಬೇಡಿ. ಅಷ್ಟಕ್ಕೆ ದಿನಕ್ಕೆ 9 ಕೆಜಿ ಕಾಳು, ಒಂದು ಗ್ರೈಂಡರು, ನಿಮ್ಮ ಎರಡು ಕೈ ಸಾಕು.

ಜಾಗ, ಕರೆಂಟು, ಕಾಗದ

ಮನೆಯಿಂದ ಶುರು ಮಾಡಬಹುದು. ಆದರೆ ಬಿಲ್ಡಿಂಗಿನ ಸೊಸೈಟಿಯಲ್ಲಿ ಜಗಳ ಬರುವುದು ಮೂರು ಕಾರಣಕ್ಕೆ: ಗ್ರೈಂಡರಿನ ಸದ್ದು, ಮೋರಿಯ ವಾಸನೆ, ಮತ್ತೆ ಮನೆಯ ಮೀಟರಿನಲ್ಲಿ ಧಂದೆ. ಮೂರನೆಯದು ಬರೀ ಜಗಳಕ್ಕೆ ನಿಲ್ಲುವುದಿಲ್ಲ. ಮನೆಯ ಮೀಟರನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ಲು ಬರಬಹುದು. ನಿಮ್ಮ ಕರೆಂಟು ಕಂಪನಿ ಬೆಸ್ಟ್ ಇರಲಿ, ಅದಾನಿ, ಟಾಟಾ ಅಥವಾ ಮಹಾವಿತರಣ ಇರಲಿ, ಗಾಳಾ ಹಿಡಿಯುವ ಮುಂಚೆಯೇ ಮೀಟರು ಯಾವ ವರ್ಗದ್ದು, ಲೋಡ್ ಎಷ್ಟು ಮಂಜೂರಾಗಿದೆ ಎಂದು ಹಳೇ ಬಿಲ್ಲು ಕೇಳಿ ನೋಡಿ.

ಗಾಳಾ ನೋಡುವಾಗ ನೆಲದ ಇಳಿಜಾರು ನೋಡಿ. ಬಕೆಟ್ ನೀರು ಸುರಿದರೆ ತಾನಾಗಿ ಮೋರಿಗೆ ಹೋಗಬೇಕು. ಅಕ್ಕಿ ತೊಳೆದ ನೀರಿನ ಗಂಜಿ ಪೈಪಿನಲ್ಲಿ ಕೂತು ಎರಡು ದಿನಕ್ಕೆ ನಾರುತ್ತದೆ, ಅದಕ್ಕೆ ಮೋರಿಯ ಬಾಯಿಗೆ ಸಣ್ಣ ಜಾಲರಿ, ವಾರಕ್ಕೊಮ್ಮೆ ಕುದಿಯುವ ನೀರು. ರಸ್ತೆಗಿಂತ ತಗ್ಗಿನಲ್ಲಿರುವ ಗಾಳಾ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ದೊಡ್ಡ ಮಾತು. ಇಲ್ಲಿ ಪ್ರತಿ ಜುಲೈಯಲ್ಲೂ ಭರತಿಯ, ಅಂದರೆ ಸಮುದ್ರ ಉಕ್ಕುವ, ಹೊತ್ತಿಗೆ ಜೋರು ಮಳೆ ಬಂದರೆ ಎಷ್ಟೋ ಅಂಗಡಿಗಳಲ್ಲಿ ಮೊಣಕಾಲಿನ ತನಕ ನೀರು. ಚೀಲಗಳನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿಡಿ, ಇಲಿಗೂ ಅದೇ ಮದ್ದು.

ಕಾಗದಪತ್ರ ಹೆಚ್ಚೇನಿಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಕಡ್ಡಾಯ: ವಹಿವಾಟು ಚಿಕ್ಕದಾದರೆ ಬರೀ ನೋಂದಣಿ, ದೊಡ್ಡದಾದರೆ ರಾಜ್ಯದ ಲೈಸೆನ್ಸು. ಮಿತಿ ಎಷ್ಟೆಂದು ಅರ್ಜಿ ಹಾಕುವ ದಿನ ಫಾಸ್ಕೋಸ್ ಪೋರ್ಟಲಿನಲ್ಲೇ ನೋಡಿಕೊಳ್ಳಿ. ಸಿಗುವ 14 ಅಂಕಿಯ ನಂಬರು ಪ್ರತಿ ಪ್ಯಾಕೆಟ್ ಮೇಲೆ ಬರಬೇಕು. ಗುಮಾಸ್ತಾ, ಅಂದರೆ 2017ರ ಮಹಾರಾಷ್ಟ್ರ ಅಂಗಡಿ ಕಾಯ್ದೆಯ ಕಾಗದ, ಒಬ್ಬಿಬ್ಬರು ಕೆಲಸದವರಿದ್ದರೆ ಆನ್‌ಲೈನಿನಲ್ಲಿ ತಿಳಿಸಿದರೆ ಮುಗಿಯಿತು. ಮೋಟಾರು ಇಟ್ಟು ತಿನ್ನುವ ಪದಾರ್ಥ ತಯಾರಿಸುವುದಕ್ಕೆ ಪಾಲಿಕೆಯ ಪರವಾನಗಿ ಏನೇನು ಬೇಕೆಂದು ವಾರ್ಡ್ ಆಫೀಸಿನಲ್ಲಿ ಕೇಳಿ, ಏಜೆಂಟನನ್ನಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಅದಕ್ಕೂ ಎರಡು ಸಾವಿರ ಕೇಳುವವರಿದ್ದಾರೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಮೇಲಿನ ಲೆಕ್ಕದ 100 ಕೆಜಿ ಗಾಳಾದ ವಹಿವಾಟು 23 ಲಕ್ಷದ ಆಸುಪಾಸು, ಹಾಗಾಗಿ ಮೊದಲೆರಡು ವರ್ಷ ಆ ತಲೆಬಿಸಿ ಇಲ್ಲ. ಬೋರ್ಡು ಮರಾಠಿಯಲ್ಲಿರಬೇಕು, ಬೇರೆ ಭಾಷೆಯ ಅಕ್ಷರ ಮರಾಠಿಗಿಂತ ದೊಡ್ಡದಿರಬಾರದು. ಕನ್ನಡದಲ್ಲೂ ಹೆಸರು ಬರೆಸುವ ಆಸೆ ಇದ್ದರೆ ಕೆಳಗೆ ಬರೆಸಿ.

ಯಂತ್ರ

ಅಕ್ಕಿಗೊಂದು, ಉದ್ದಿಗೊಂದು, ಹೀಗೆ 10 ಲೀಟರಿನ ಎರಡು ಟಿಲ್ಟಿಂಗ್ (ಬಗ್ಗಿಸಿ ಹಿಟ್ಟು ಸುರಿಯುವ) ಗ್ರೈಂಡರ್, 20 ಲೀಟರಿನ ಒಂದಕ್ಕಿಂತ ಮೇಲು. ಒಂದು ಕೆಟ್ಟರೆ ಇನ್ನೊಂದರಲ್ಲಿ ದಿನ ನೂಕಬಹುದು. ಕೊಯಂಬತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತೇ ಇದೆ, ಬಿಡಿಭಾಗ ಮುಂಬೈಯಲ್ಲಿ ಸುಲಭವಾಗಿ ಸಿಗುವ ಮಾಡಲ್ ತೆಗೆದುಕೊಳ್ಳಿ. ಬೆಲ್ಟು ಒಂದು ಹೆಚ್ಚಿಗೆ ತಂದು ಮೊಳೆಗೆ ನೇತುಹಾಕಿ, ಅದು ಹರಿಯುವುದು ಶನಿವಾರ ಸಂಜೆಯೇ.

ಹೊಸ ಕಲ್ಲಿನಲ್ಲಿ ಎರಡು ಸಲ ನುಚ್ಚಕ್ಕಿ ರುಬ್ಬಿ ಚೆಲ್ಲಿ, ಕಲ್ಲಿನ ಪುಡಿ ಹೋಗಬೇಕು. ಕಲ್ಲು ಸವೆದು ನುಣುಪಾದರೆ ರುಬ್ಬುವ ಹೊತ್ತು ಹೆಚ್ಚುತ್ತದೆ, ಹೊತ್ತು ಹೆಚ್ಚಾದಂತೆ ಹಿಟ್ಟು ಬಿಸಿಯಾಗುತ್ತದೆ. 20 ನಿಮಿಷದಲ್ಲಿ ಆಗುತ್ತಿದ್ದ ಅಕ್ಕಿ 30 ನಿಮಿಷ ಬೇಡಿದರೆ ಕಲ್ಲನ್ನು ಉಳಿಯಿಂದ ಕೆತ್ತಿಸುವ ಹೊತ್ತು ಬಂತು. ಕೆತ್ತಿಸಿದ ದಿನವೂ ನುಚ್ಚಕ್ಕಿ ಹಾಕಿ ತೊಳೆಯಿರಿ.

ಒದ್ದೆ ನೆಲ, ಮೋಟಾರು, ಬರಿಗಾಲು: ಕರೆಂಟು ಹೊಡೆಯಲಿಕ್ಕೆ ಇನ್ನೇನು ಬೇಕು. ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದ ಕೂಡಲೇ ತಾನಾಗಿ ಬಂದ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ. ತಿರುಗುವ ಡ್ರಮ್ಮಿನೊಳಗೆ ಕೈ ಹಾಕಿ ಹಿಟ್ಟು ತಳ್ಳುವ ಮನೆಯ ಅಭ್ಯಾಸ ಇಲ್ಲಿ ಬೇಡ, ಸೆರಗು, ದುಪಟ್ಟಾ ಬಿಗಿದು ಕಟ್ಟಿ.

ಫ್ರಿಜ್ಜಿನ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಗಾಜಿನ ಬಾಗಿಲಿನ ವಿಸಿ ಕೂಲರ್ ತಂದು. ತಣ್ಣಗಿರುವುದನ್ನು ತಣ್ಣಗೇ ಇಡಲಿಕ್ಕೆ ಅದು ಸರಿ. ಬೆಚ್ಚಗಿರುವ 50 ಕೆಜಿ ಹಿಟ್ಟನ್ನು ತಣಿಸುವ ತಾಕತ್ತು ಅದಕ್ಕಿಲ್ಲ. ಮೇಲಿನಿಂದ ಬಾಗಿಲು ತೆರೆಯುವ, ಕೂಲರ್ ಮೋಡಿಗೆ ತಿರುಗಿಸಿದರೆ 2ರಿಂದ 4 ಡಿಗ್ರಿಯಲ್ಲಿ ನಿಲ್ಲುವ 300 ಲೀಟರಿನ ಡೀಪ್ ಫ್ರೀಜರು ನೋಡಿ. ಕರೆಂಟು ಹೋದರೂ ಮುಚ್ಚಳ ತೆರೆಯದಿದ್ದರೆ ಕೆಲವು ಗಂಟೆ ತಂಪು ಹಿಡಿದಿರುತ್ತದೆ.

ಪಾತ್ರೆಗಳೆಲ್ಲ ಸ್ಟೀಲಿನವು. ಹುಳಿ ಹಿಟ್ಟಿಗೆ ಅಲ್ಯೂಮಿನಿಯಂ ಆಗುವುದಿಲ್ಲ.

ಅಕ್ಕಿ, ಉದ್ದು

ವಾಶಿಯ ದಾಣಾ (ಕಾಳುಕಡ್ಡಿಯ) ಮಾರ್ಕೆಟ್ಟಿನಲ್ಲಿ ಚೀಲದ ಲೆಕ್ಕದಲ್ಲಿ ತಂದರೆ ಅಗ್ಗ, ಆದರೆ ಮೊದಲು ಎರಡೆರಡು ಕೆಜಿ ಸ್ಯಾಂಪಲ್ ತಂದು ಪೂರ್ತಿ ಇಡ್ಲಿ ಬೇಯಿಸಿ ನೋಡಿದ ಮೇಲೆ ಚೀಲ ಎತ್ತಿ. ಅಕ್ಕಿ ಕುಚ್ಚಲು, ದಪ್ಪ ಗಿಡ್ಡ ಕಾಳಿನದು, ಇಲ್ಲಿ ಇಡ್ಲಿ ರೈಸ್ ಎಂದೇ ಕೇಳಿದರೆ ಕೊಡುತ್ತಾರೆ. ಬೆಳ್ತಿಗೆ ಅಕ್ಕಿ ಅಗ್ಗವೆಂದು ಪೂರ್ತಿ ಅದನ್ನೇ ಹಾಕಿದರೆ ಇಡ್ಲಿ ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಡಬ್ಬಕ್ಕೆ ಇಡ್ಲಿ ಕಟ್ಟುವ ಮನೆಯವರು ಎರಡನೇ ಸಲ ನಿಮ್ಮ ಪ್ಯಾಕೆಟ್ ತೆಗೆದುಕೊಳ್ಳುವುದಿಲ್ಲ.

ಉದ್ದು ಸಿಪ್ಪೆ ತೆಗೆದ ಇಡಿ ಕಾಳು, ಗೋಟಾ. ಒಡೆದ ಬೇಳೆಗಿಂತ ದುಬಾರಿ, ಆದರೆ ಹೆಚ್ಚು ಹಿಗ್ಗುತ್ತದೆ. ಹಳೇ ಉದ್ದು ನೊರೆ ಬಿಡುವುದಿಲ್ಲ. ಪೌಡರ್ ಹಚ್ಚಿ ಬೆಳ್ಳಗೆ ಮಾಡಿದ ಉದ್ದು ತೊಳೆಯುವಾಗ ನೀರಿಗೆ ಬಿಳಿ ಬಣ್ಣ ಬಿಡುತ್ತಲೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಎರಡು ತಿಂಗಳ ಉದ್ದು ತುಂಬಿಡುವವರಿದ್ದಾರೆ. ದರ ಉಳಿಯುತ್ತದೆ, ಹುಳ ಮತ್ತು ಪಸೆ ಆ ಉಳಿತಾಯ ತಿನ್ನುತ್ತದೆ. 15 ದಿನದ್ದು ಸಾಕು.

ತೂಕದಲ್ಲಿ ಅಕ್ಕಿ 4, ಉದ್ದು 1. ಪ್ರತಿ 10 ಕೆಜಿಗೆ ಮೆಂತ್ಯ 50 ಗ್ರಾಮ್. ಇಡ್ಲಿಗೊಂದು, ದೋಸೆಗೊಂದು ಎಂದು ಎರಡು ಹಿಟ್ಟು ಶುರುವಿಗೇ ಮಾಡಬೇಡಿ, ಎರಡು ಮಾಲು ಅಂದರೆ ಎರಡರ ವಾಪಸ್. ಈ ಒಂದೇ ಹಿಟ್ಟಿನಲ್ಲಿ ಇಡ್ಲಿಯೂ ಆಗುತ್ತದೆ, ನೀರು ಸೇರಿಸಿದರೆ ದೋಸೆಯೂ ಆಗುತ್ತದೆ. ಗುಜರಾತಿ ಮನೆಯವರು ಇದರಲ್ಲೇ ಇದಡಾ ಎಂಬ ಬಿಳಿ ಢೋಕ್ಲಾ ಬೇಯಿಸುತ್ತಾರೆ. ನಮ್ಮ ಕರಾವಳಿಯವರು ಹೆಚ್ಚಿರುವ ಕಡೆ ನೀರು ದೋಸೆಯ ಹಿಟ್ಟು ಕೇಳುತ್ತಾರೆ. ಅದು ಮರುದಿನಕ್ಕೆ ಉಳಿಯುವುದಿಲ್ಲ, ಆರ್ಡರ್ ಬಂದರೆ ಮಾತ್ರ ರುಬ್ಬಿ.

ನೆನೆಸಿ ರುಬ್ಬುವುದು

ಅಕ್ಕಿ 5 ಗಂಟೆ ನೆನೆಯಲಿ. ಉದ್ದು ಎರಡು ಗಂಟೆ ಸಾಕು, ಹೆಚ್ಚು ನೆನೆದರೆ ನೊರೆ ಇಳಿಯುತ್ತದೆ. ಮೆಂತ್ಯ ಅಕ್ಕಿಯ ಜೊತೆ. ಬೇಸಿಗೆಯಲ್ಲಿ ಉದ್ದನ್ನು ಫ್ರಿಜ್ಜಿನೊಳಗೇ ನೆನೆಹಾಕಿ.

ಗ್ರೈಂಡರ್ ಒಂದೇ ಇದ್ದರೆ ಮೊದಲು ಉದ್ದು, ಆಮೇಲೆ ಅಕ್ಕಿ. 10 ಲೀಟರಿನದಕ್ಕೆ ಒಮ್ಮೆಗೆ ಒಣ ತೂಕ ಒಂದೂವರೆ ಕೆಜಿ ಉದ್ದು, ಅದಕ್ಕಿಂತ ಹೆಚ್ಚು ಹಾಕಿದರೆ ಹಿಗ್ಗಿ ಹೊರಗೆ ಚೆಲ್ಲುತ್ತದೆ. ಕೆಜಿಗೆ ಸುಮಾರು ಒಂದೂವರೆ ಲೀಟರ್ ನೀರು, ಎಲ್ಲ ಒಟ್ಟಿಗೆ ಸುರಿಯದೆ ಐದಾರು ಸಲ ಚಿಮುಕಿಸಿ. ಅರ್ಧ ಗಂಟೆಗೆ ಬೆಣ್ಣೆಯ ಹಾಗೆ ಏರಿ ಬರುತ್ತದೆ. ಒಂದು ಹನಿ ಲೋಟದ ನೀರಿಗೆ ಬಿಟ್ಟು ನೋಡಿ, ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಐದು ನಿಮಿಷ. ಅಕ್ಕಿ ಒಮ್ಮೆಗೆ 4 ಕೆಜಿ, ಕೆಜಿಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ ನೀರು, 20ರಿಂದ 25 ನಿಮಿಷ, ಚಿರೋಟಿ ರವೆಯಷ್ಟು ತರಿ ಬೆರಳಿಗೆ ಸಿಗಬೇಕು. 100 ಕೆಜಿ ಹಿಟ್ಟಿಗೆ ಅಕ್ಕಿಯ 9 ಸರದಿ, ಉದ್ದಿನ 6. ಎರಡು ಗ್ರೈಂಡರಿನಲ್ಲಿ ಮೂರೂವರೆ ಗಂಟೆಯ ಕೆಲಸ.

ಏಪ್ರಿಲ್, ಮೇಯಲ್ಲಿ ರುಬ್ಬುವ ನೀರಿನ ಮೂರನೇ ಒಂದು ಭಾಗ ಐಸ್ ಇರಲಿ, ಫಿಲ್ಟರ್ ನೀರಿನಿಂದ ನೀವೇ ಕಟ್ಟಿದ ಐಸ್. ರಸ್ತೆಬದಿಯ ಬರ್ಫಿನ ಗಡ್ಡೆ ಯಾವ ನೀರಿನದೆಂದು ಯಾರಿಗೂ ಗೊತ್ತಿಲ್ಲ. 150 ರೂಪಾಯಿಯ ಅಡುಗೆ ಥರ್ಮಾಮೀಟರು ಒಂದು ಜೇಬಿನಲ್ಲಿರಲಿ. ಗ್ರೈಂಡರಿನಿಂದ ಇಳಿಯುವ ಹಿಟ್ಟು 30 ಡಿಗ್ರಿ ದಾಟಿದ್ದರೆ ಅವತ್ತಿನ ಮಾಲು ಸಂಜೆಯೊಳಗೆ ಕೈಮೀರುತ್ತದೆ.

23 ಕೆಜಿಗೆ ಸುಮಾರು 220 ಗ್ರಾಮ್ ಉಪ್ಪು, ಅಕ್ಕಿ, ಉದ್ದಿನ ಹಿಟ್ಟು ಕೂಡಿಸುವಾಗಲೇ ಹಾಕಿ. ಚಳಿಯಲ್ಲಿ ಉಪ್ಪು ಕೊನೆಗೆ, ಸೆಖೆಯಲ್ಲಿ ಮೊದಲು ಎಂದು ಬದಲಿಸುವವರಿದ್ದಾರೆ. ಮನೆಯಲ್ಲಿ ಸರಿ, ವ್ಯಾಪಾರದಲ್ಲಿ ಹಾಗೆ ಬದಲಿಸಿದರೆ ಏನು ತಪ್ಪಿತೆಂದು ಹಿಡಿಯಲಿಕ್ಕೇ ಬರುವುದಿಲ್ಲ. ಉಪ್ಪಿನ ಹೊತ್ತು ವರ್ಷವಿಡೀ ಒಂದೇ ಇರಲಿ, ಶಾಖವನ್ನು ಬದಲಿಸಿ.

ಉಬ್ಬುವುದು, ತಣಿಸುವುದು

ವಾಪಸ್ ಬರುವ ಪ್ಯಾಕೆಟ್ಟಿನ ಮೂಲ ಇಲ್ಲಿದೆ. ಉದ್ದಿನಲ್ಲೇ ಇರುವ ಬ್ಯಾಕ್ಟೀರಿಯಾ, ಮುಖ್ಯವಾಗಿ ಲ್ಯೂಕೋನೋಸ್ಟಾಕ್, ಹಿಟ್ಟಿನ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಜೊತೆಗೆ ಹುಳಿ. ಗಾಳಿ ಬೇಕು, ಹುಳಿ ಇಷ್ಟೇ ಬೇಕು. ಎರಡನ್ನೂ ಬೇರೆ ಬೇರೆ ನಿಲ್ಲಿಸಲಿಕ್ಕೆ ಬರುವುದಿಲ್ಲ, ಒಟ್ಟಿಗೆ ನಿಧಾನ ಮಾಡಬಹುದು, ಅದಕ್ಕೆ ಇರುವ ಉಪಾಯ ತಂಪು ಒಂದೇ.

ಮುಂಬೈಯ ಮೇ ತಿಂಗಳಲ್ಲಿ 5ರಿಂದ 7 ಗಂಟೆ, ಮಳೆಗಾಲದಲ್ಲಿ 7ರಿಂದ 9, ಜನವರಿಯ ರಾತ್ರಿಯಲ್ಲಿ 12ರ ಮೇಲೆ. ಪುಣೆಯಲ್ಲಿ ಚಳಿಗಾಲ ಇನ್ನೂ ಕಷ್ಟ. ಗಡಿಯಾರಕ್ಕಿಂತ ಪಾತ್ರೆ ನಂಬಿ: ಪಾತ್ರೆಯ ಹೊರಗೆ ಹಿಟ್ಟಿನ ಮಟ್ಟಕ್ಕೆ ಟೇಪಿನ ಪಟ್ಟಿ ಅಂಟಿಸಿ. ಮನೆಯಲ್ಲಿ ಎರಡರಷ್ಟಾಗುವ ತನಕ ಕಾಯುತ್ತೇವೆ. ಮಾರುವ ಹಿಟ್ಟು ಮೂರನೇ ಒಂದು ಭಾಗ ಏರಿದಾಗಲೇ ಫ್ರೀಜರಿಗೆ ಹೋಗಬೇಕು. ಯಾಕೆಂದರೆ ತಣ್ಣಗಾಗುವ ಮೂರು ನಾಲ್ಕು ಗಂಟೆ, ಸ್ಕೂಟರಿನ ಮೇಲಿನ ಎರಡು ಗಂಟೆ, ಅಂಗಡಿಯ ಫ್ರಿಜ್ಜಿನ ಒಂದು ದಿನ, ಇಷ್ಟರಲ್ಲೂ ಅದು ಉಬ್ಬುತ್ತಲೇ ಇರುತ್ತದೆ. ನಿಮ್ಮ ಗಾಳಾದಲ್ಲಿ ಹದವಾಗಿದ್ದ ಹಿಟ್ಟು ಗಿರಾಕಿಯ ಮನೆಯಲ್ಲಿ ಹುಳಿ.

ಇನ್ನೊಂದು, ಯಾರೂ ಹೇಳಿಕೊಡದ ವಿಷಯ: 40 ಲೀಟರಿನ ದೊಡ್ಡ ತಪಲೆಯನ್ನು ಹಾಗೇ ಫ್ರೀಜರಿನಲ್ಲಿಟ್ಟರೆ ಅಂಚು ತಣ್ಣಗಾಗುತ್ತದೆ, ನಡು ಬೆಳಗಿನ ತನಕ ಬೆಚ್ಚಗೇ ಇರುತ್ತದೆ. ಗಾಳಿ ತುಂಬಿದ ಹಿಟ್ಟು ಕಂಬಳಿ ಇದ್ದ ಹಾಗೆ, ಶಾಖ ಹೊರಗೆ ಬಿಡುವುದಿಲ್ಲ. ಒಂದೇ ತಪಲೆಯ ಹತ್ತು ಪ್ಯಾಕೆಟ್ ಸರಿ, ಹತ್ತು ಹುಳಿ ಎಂದು ದೂರು ಬಂದರೆ ಕಾರಣ ಇದೇ. ನಾಲ್ಕಿಂಚಿಗಿಂತ ಆಳ ಇರದಂತೆ ಅಗಲದ ಟ್ರೇಗಳಲ್ಲಿ ಐದೈದು ಕೆಜಿ ಹಾಕಿ. ಮೊದಲು ಅರ್ಧ ಗಂಟೆ ಐಸ್ ನೀರಿನ ಟಬ್ಬಿನಲ್ಲಿ ಕೂರಿಸಿ, ಆಮೇಲೆ ಫ್ರೀಜರು. ಟ್ರೇಗಳ ನಡುವೆ ಎರಡು ಬೆರಳಿನ ಸಂದು ಇರಲಿ.

ಚಳಿಗಾಲದಲ್ಲಿ ಉಲ್ಟಾ. ಟ್ರೇ ಬೇಡ, ಆಳದ ಪಾತ್ರೆಯೇ ಸರಿ. ಥರ್ಮಾಕೋಲಿನ ಪೆಟ್ಟಿಗೆಯಲ್ಲಿ ಪಾತ್ರೆ ಇಟ್ಟು ಪಕ್ಕಕ್ಕೆ ಬಿಸಿನೀರಿನ ಕ್ಯಾನ್ ಇಡಿ. ನಿನ್ನೆಯ ಒಳ್ಳೆಯ ಹಿಟ್ಟು ನೂರಕ್ಕೆ ಎರಡು ಮೂರರಷ್ಟು ಬೆರೆಸಿದರೆ ಬೇಗ ಏಳುತ್ತದೆ. ಹೆಚ್ಚು ಬೆರೆಸಿದರೆ ಉಬ್ಬುವ ಮೊದಲೇ ಹುಳಿ. ವಾಪಸ್ ಬಂದ ಪ್ಯಾಕೆಟ್ಟನ್ನು ಈ ನೆಪದಲ್ಲಿ ಒಳಗೆ ಸೇರಿಸಬೇಡಿ. ಸೋಡಾಪುಡಿಯೂ ಬೇಡ, ಇಡ್ಲಿ ಹಳದಿ ತಿರುಗುತ್ತದೆ, ಕಾವಲಿ ಕಾದಾಗ ವಾಸನೆ ಬರುತ್ತದೆ.

ದಿನದ ಓಟ ಹೀಗೆ ಕೂಡುತ್ತದೆ: ಬೆಳಿಗ್ಗೆ 9ಕ್ಕೆ ಅಕ್ಕಿ ನೆನೆಗೆ, 12ಕ್ಕೆ ಉದ್ದು, 2ರಿಂದ ಐದೂವರೆ ರುಬ್ಬುವುದು, ರಾತ್ರಿ 9ರಿಂದ 11ರೊಳಗೆ ಒಂದೊಂದೇ ಪಾತ್ರೆ ತಂಪಿಗೆ, ಬೆಳಗಿನ 4ಕ್ಕೆ ಪ್ಯಾಕಿಂಗು, 6ರಿಂದ ಎಂಟೂವರೆ ಅಂಗಡಿಗಳು. ಜನವರಿಯಲ್ಲಿ ನೆನೆಹಾಕುವುದು, ರುಬ್ಬುವುದು ಎರಡು ಗಂಟೆ ಬೇಗ. ಮಲಗುವುದು ಮಧ್ಯಾಹ್ನ ಅಲ್ಲಿ ಇಲ್ಲಿ. ಮನೆಯಲ್ಲಿ ಇನ್ನೊಬ್ಬರ ಕೈ ಇಲ್ಲದೆ 50 ಕೆಜಿ ದಾಟಲಿಕ್ಕೆ ಆಗುವುದಿಲ್ಲ.

ಪ್ಯಾಕಿಂಗ್

ತಣ್ಣಗಿನ ಹಿಟ್ಟನ್ನು ಜೋರಾಗಿ ಕದಡಬೇಡಿ, ಸೌಟಿನಲ್ಲಿ ಎತ್ತಿ ಇಳಿಸಿ. ಒಂದು ಕೆಜಿ ಪೌಚಿನ ಮೂರನೇ ಒಂದು ಭಾಗ ಖಾಲಿ ಉಳಿಯಬೇಕು, ಉಬ್ಬಲಿಕ್ಕೆ ಜಾಗ. ಸೀಲು ಬಿಡುವುದಕ್ಕೆ ಮುಖ್ಯ ಕಾರಣ ಬಾಯಿಗೆ ತಾಗಿದ ಹಿಟ್ಟು. ಅಗಲ ಕೊರಳಿನ ಫನೆಲ್ ಬಳಸಿ, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸೀಲು. ಸೀಲು ಮಾಡಿದ್ದನ್ನು ಕೈಯಲ್ಲಿ ಹಿಂಡಿ ನೋಡಿ.

ತೂಕ ಪೌಚಿನ ತೂಕ ಬಿಟ್ಟು ಪೂರ್ತಿ 1,000 ಗ್ರಾಮ್. ತಕ್ಕಡಿಗೆ ವರ್ಷಾವರ್ಷ ಮುದ್ರೆ ಹಾಕಿಸಬೇಕು. ಲೇಬಲ್ಲಿನಲ್ಲಿ ಪದಾರ್ಥದ ಹೆಸರು, ಒಳಗೇನಿದೆ, ನಿವ್ವಳ ತೂಕ, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು, ತೆರಿಗೆ ಸೇರಿದ ಗರಿಷ್ಠ ದರ, ನಿಮ್ಮ ಹೆಸರು ವಿಳಾಸ, ದೂರಿಗೆ ಫೋನು, ಎಫ್‌ಎಸ್‌ಎಸ್‌ಎಐ ನಂಬರು, ಸಸ್ಯಾಹಾರದ ಹಸಿರು ಚುಕ್ಕೆ. ಉಪ್ಪು ಹಾಕಿದೆ ಎಂದು ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಗಿರಾಕಿ ಮತ್ತೆ ಹಾಕುತ್ತಾರೆ, ಬೈಗುಳ ನಿಮಗೆ. ಸರಿಯಾದ ತಂಪಿನಲ್ಲಿ ಹಿಟ್ಟು ನಾಲ್ಕೈದು ದಿನ ಬಾಳುತ್ತದೆ. ನೀವು ಮೂರು ದಿನ ಬರೆಯಿರಿ, ಅಂಗಡಿಯ ಫ್ರಿಜ್ಜು ನಿಮ್ಮ ಫ್ರೀಜರಲ್ಲ.

ಅಂಗಡಿ, ಉಧಾರಿ, ವಾಪಸ್

ಹತ್ತು ಅಂಗಡಿಗೆ ಎರಡೆರಡು ಕೊಡುವುದಕ್ಕಿಂತ ಒಂದೇ ಗಲ್ಲಿಯ ನಾಲ್ಕು ಅಂಗಡಿಗೆ ಐದೈದು ಕೊಡಿ. ಪೆಟ್ರೋಲೂ ಉಳಿಯುತ್ತದೆ, ಬಿಸಿಲಿನಲ್ಲಿ ಪೆಟ್ಟಿಗೆ ತೆರೆಯುವುದೂ ಕಡಿಮೆ. ಪ್ಯಾಕೆಟ್ಟನ್ನು ಅಂಗಡಿಯವನ ಕೈಗೆ ಕೊಟ್ಟು ಬರಬೇಡಿ, ನೀವೇ ಫ್ರಿಜ್ಜಿನಲ್ಲಿಡಿ, ನಿನ್ನೆಯದು ಮುಂದೆ, ಇವತ್ತಿನದು ಹಿಂದೆ. ಬಾಗಿಲಿನ ಕಪಾಟಿನಲ್ಲಿ ಇಡಬೇಡಿ, ಫ್ರಿಜ್ಜಿನಲ್ಲಿ ಅದೇ ಹೆಚ್ಚು ಬೆಚ್ಚಗಿನ ಜಾಗ.

ಕೆಲವು ಅಂಗಡಿಯವರು ಬಿಲ್ಲು ಉಳಿಸಲಿಕ್ಕೆ ರಾತ್ರಿ ಫ್ರಿಜ್ಜು ಬಂದ್ ಮಾಡುತ್ತಾರೆ. ಕೇಳಿದರೆ ಯಾರೂ ಒಪ್ಪುವುದಿಲ್ಲ. ಮೇಲಿನ ಐಸ್ ಖಾನೆಯಲ್ಲಿ ಒಂದು ಬಟ್ಟಲು ಐಸ್ ಕಟ್ಟಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಡಿ. ನಾಲ್ಕು ದಿನದಲ್ಲಿ ನಾಣ್ಯ ಐಸಿನೊಳಗೆ ಇಳಿದಿದ್ದರೆ ರಾತ್ರಿ ಐಸ್ ಕರಗುತ್ತಿದೆ. “ಶೇಟ್, ನಿಮ್ಮ ಹಾಲೂ ಒಡೆಯುತ್ತದೆ ನೋಡಿ” ಎಂದು ನಗುತ್ತಾ ನಾಣ್ಯ ತೋರಿಸಿ. ಒಪ್ಪದಿದ್ದರೆ ಆ ಅಂಗಡಿ ಬಿಡಿ. ಒಂದು ಕೆಟ್ಟ ಫ್ರಿಜ್ಜು ಆ ಗಲ್ಲಿಯಲ್ಲೆಲ್ಲ ನಿಮ್ಮ ಹೆಸರು ಕೆಡಿಸುತ್ತದೆ.

ಐದು ಕೇಳಿದರೆ ನಾಲ್ಕು ಕೊಡಿ. ಖಾಲಿಯಾಗಿ ಒಬ್ಬ ಗಿರಾಕಿ ಕೇಳಿಕೊಂಡು ವಾಪಸ್ ಹೋದರೆ ನಷ್ಟ 15 ರೂಪಾಯಿ, ಉಳಿದ ಒಂದು ಪ್ಯಾಕೆಟ್ಟಿನಲ್ಲಿ ಅದನ್ನು ಮಾಡಿದ ಖರ್ಚು 50 ಪೂರ್ತಿ ನಷ್ಟ. ಪ್ರತಿ ಅಂಗಡಿಗೆ ಒಂದು ಪುಟ, ವಾರದ ಏಳು ದಿನಕ್ಕೆ ಏಳು ಸಾಲು: ಕೊಟ್ಟದ್ದು, ಹೋದದ್ದು, ವಾಪಸ್. ಮೂರು ವಾರ ಬರೆದರೆ ಯಾವ ಅಂಗಡಿಗೆ ಮಂಗಳವಾರ ಎರಡು, ಶನಿವಾರ ಒಂಬತ್ತು ಬೇಕೆಂದು ಕಾಗದವೇ ಹೇಳುತ್ತದೆ. ವಾರಕ್ಕೆ ಎರಡು ಸಲ ಖಾಲಿಯಾದ ಅಂಗಡಿಗೆ ಮಾತ್ರ ಒಂದು ಹೆಚ್ಚಿಸಿ.

ಉಧಾರಿಗೆ ಒಂದೇ ಕಟ್ಟಳೆ: ಹಿಂದಿನ ದಿನದ ಹಣ ಬಂದ ಮೇಲೆ ಇವತ್ತಿನ ಮಾಲು, ಹಾಲಿನವರ ಹಾಗೆ. ವಾರದ ಬಿಲ್ಲು ಎಂದು ಬಿಟ್ಟರೆ ಅದು ತಿಂಗಳಾಗುತ್ತದೆ, ತಿಂಗಳಾದ ಮೇಲೆ ವಾಪಸ್ ಪ್ಯಾಕೆಟ್ಟಿನ ಲೆಕ್ಕದಲ್ಲಿ ಜಗಳ. ಬದಲಿ ಕೊಡುವುದು ದಿನಾಂಕ ಮೀರಿದ ಮರುದಿನದ ತನಕ, ಪ್ಯಾಕೆಟ್ ಕೈಗೆ ಬಂದರೆ ಮಾತ್ರ. “ಬಿಸಾಡಿದೆ” ಎಂದರೆ ಬದಲಿ ಇಲ್ಲ.

ಅಂಗಡಿಗಿಂತ ಮೇಲಾದದ್ದು ಸೊಸೈಟಿಯ ನೇರ ಆರ್ಡರು. ಶುಕ್ರವಾರ ಮಧ್ಯಾಹ್ನ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಬರೆಯಿರಿ, ರಾತ್ರಿ 9ಕ್ಕೆ ಆರ್ಡರ್ ಬಂದ್, ಶನಿವಾರ ರುಬ್ಬಿ ಸಂಜೆ ಮನೆಗೆ ಮುಟ್ಟಿಸಿ, ಭಾನುವಾರ ಬೆಳಗಿನ ದೋಸೆಗೆ ಹದವಾಗಿರುತ್ತದೆ. ಹೆಸರು ಬರೆಸಿದಷ್ಟೇ ರುಬ್ಬುವುದರಿಂದ ವಾಪಸ್ ಸೊನ್ನೆ. 75ಕ್ಕೆ ಕೊಟ್ಟರೂ ಅಂಗಡಿಗಿಂತ ಕೆಜಿಗೆ 10 ಹೆಚ್ಚು. ಉಳಿಯುವ ಲೆಕ್ಕದಲ್ಲಿ 30 ಕೆಜಿಯ ಒಂದು ಶನಿವಾರ ಅಂಗಡಿಗೆ ಕೊಟ್ಟ 50 ಕೆಜಿಗೆ ಸಮ.

ದೂರು ಬಂದಾಗ

ಪ್ಯಾಕೆಟ್ ಚೆಂಡಿನ ಹಾಗೆ ಉಬ್ಬಿದೆ, ಆದರೆ ಹುಳಿ ಇಲ್ಲ: ಬೆಚ್ಚಗಿದ್ದಾಗಲೇ ಪ್ಯಾಕ್ ಆಗಿದೆ. ಉಬ್ಬಿದೆ, ಹುಳಿಯೂ ಇದೆ: ಅಂಗಡಿಯ ಫ್ರಿಜ್ಜು ನೋಡಿ. ಮೇಲೆ ನೀರು, ಕೆಳಗೆ ಗಟ್ಟಿ: ಉದ್ದಿನಲ್ಲಿ ನೊರೆ ಬಂದಿರಲಿಲ್ಲ, ಅಥವಾ ಅಕ್ಕಿ ತೀರಾ ತರಿ. ಇಡ್ಲಿ ಚಪ್ಪಟೆ: ಉದ್ದು ಹಳೆಯದು ಅಥವಾ ಪ್ಯಾಕ್ ಮಾಡುವಾಗ ಕದಡಿದ್ದು. ದೋಸೆ ಕೆಂಪಾಗುವುದಿಲ್ಲ: ಹಿಟ್ಟು ಇನ್ನೂ ಎಳತು, ಎರಡು ಗಂಟೆ ಹೊರಗಿಡಲಿಕ್ಕೆ ಹೇಳಿ. ಗುಲಾಬಿ ಅಥವಾ ಕಪ್ಪು ಚುಕ್ಕೆ ಕಂಡರೆ ಮಾತಾಡದೆ ಆ ದಿನದ ಮಾಲು ಪೂರ್ತಿ ವಾಪಸ್ ತನ್ನಿ, ಗ್ರೈಂಡರಿನ ಕಲ್ಲು ಬಿಚ್ಚಿ ಅಡಿಯ ಸಂದು ತೊಳೆಯಿರಿ. ಹಳೇ ಹಿಟ್ಟು ಕೂರುವುದು ಅಲ್ಲೇ.

ವರ್ಷದಲ್ಲಿ ಮಾಲು ಇಳಿಸಬೇಕಾದ ದಿನಗಳಿವೆ. ನವರಾತ್ರಿಯ ಒಂಬತ್ತು ದಿನ ಗುಜರಾತಿ ಬಿಲ್ಡಿಂಗುಗಳಲ್ಲಿ ಉಪವಾಸ, ಶ್ರಾವಣದ ಸೋಮವಾರ ಮರಾಠಿ ಮನೆಗಳಲ್ಲಿ, ಏಕಾದಶಿ ಎಲ್ಲ ಕಡೆ. ಶಾಲೆಗೆ ರಜೆ ಬಿದ್ದ ಮೇಲೆ ನಮ್ಮವರೂ ಕೊಂಕಣದವರೂ ಊರಿಗೆ ಹೋಗುತ್ತಾರೆ, ಅದೂ ಹಿಟ್ಟು ಬೇಗ ಹುಳಿಯಾಗುವ ಮೇ ತಿಂಗಳಲ್ಲೇ. ಆ ತಿಂಗಳು ಅರ್ಧಕ್ಕೆ ಇಳಿಸಿ ಗ್ರೈಂಡರಿನ ಕಲ್ಲು ಕೆತ್ತಿಸಿ, ಗಾಳಾಕ್ಕೆ ಸುಣ್ಣ ಹೊಡೆಸಿ, ಫ್ರೀಜರಿನ ಗ್ಯಾಸ್ ನೋಡಿಸಿ. ಗಣಪತಿಗೆ ಮುಂಚಿನ ಶನಿವಾರಕ್ಕೆ ಎಲ್ಲವೂ ತಯಾರಿರಬೇಕು.